ಶಾಲೆಯ ಅಶೋಕ, ಆಯಿಯ ಅಶೋಕ

ಔರಾದ ತಾಲ್ಲೂಕಿನ ಒಂದು ಊರಿನಿಂದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. ‘ಹೆಸರು ಹಾಕಬ್ಯಾಡ್ರಿ’ ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದಾಳೆ, ಹಾಗಾಗಿ ಹಾಕುವುದಿಲ್ಲ. ಪತ್ರ ಹೀಗಿದೆ: ‘ಮುತ್ಯಾ, ನಮ್ಮ ಅಕ್ಕಗ ತಿಂಗಳ ಮುಟ್ಟು ಹತ್ತು ದಿನ ಆದರೂ ನಿಲ್ಲೂದಿಲ್ಲ. ನಮ್ಮ ಆಯಿ ಅಶೋಕ ಗಿಡದ ತೊಗಟಿ ಕುದಿಸಿ ಕುಡಸ್ತಾಳ. ಪ್ಯಾಟಿಂದ ತಂದ ತೊಗಟಿ ಮುಗದದ. ನಮ್ಮ ಸಾಲಿ ಅಂಗಳದಾಗ ಆರು ಅಶೋಕ ಗಿಡ ಅವ. ಅದರ ತೊಗಟಿ ಕೆತ್ತಿ ತರ್ಲೇನು? ಹೆಡ್ ಮಾಸ್ತರು ಬೈತಾರೇನು?’

ಬೇರೆ ಜಿಲ್ಲೆಯ ಓದುಗರಿಗಾಗಿ ಹೇಳುತ್ತೇನೆ, ನಮ್ಮ ಕಡೆ ಅಜ್ಜನಿಗೆ ಮುತ್ಯಾ, ಅಜ್ಜಿಗೆ ಆಯಿ ಎನ್ನುತ್ತಾರೆ.

ಹೆಡ್ ಮಾಸ್ತರು ಬೈಯುತ್ತಾರೆ ಮಗಳೇ, ಬೈಯಲೂ ಬೇಕು. ಆದರೆ ತೊಗಟೆ ತರಬೇಡ ಎನ್ನುವುದಕ್ಕೆ ಕಾರಣ ಅದಲ್ಲ. ನಿಮ್ಮ ಶಾಲೆಯ ಅಶೋಕ ನಿಮ್ಮ ಆಯಿ ಹೇಳುವ ಅಶೋಕವೇ ಅಲ್ಲ. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತೂ ಇದೆ, ಅಕ್ಕನನ್ನು ಈ ವಾರವೇ ದವಾಖಾನೆಗೆ ತೋರಿಸಬೇಕು. ಪತ್ರಿಕೆ ಅಚ್ಚಾಗಿ ಬರುವವರೆಗೆ ಕಾಯುವ ವಿಷಯ ಇದಲ್ಲವಾದ್ದರಿಂದ ಇಷ್ಟನ್ನು ಅಂದೇ ಅಂಚೆಯಲ್ಲಿ ಬರೆದು ಕಳಿಸಿದ್ದೇನೆ. ಉಳಿದದ್ದು ಎಲ್ಲರಿಗೂ ಗೊತ್ತಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತು ದಾಟಿದ ಗಂಡಸು, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರು ಬರೆದುಕೊಂಡು ಬಂದವನು, ಹೆಣ್ಣುಮಕ್ಕಳ ಮುಟ್ಟಿನ ಬಗ್ಗೆ ಬರೆಯುವುದೇ ಎಂದು ಮನೆಯಲ್ಲಿ ಕೇಳಿದೆ. ‘ಮನ್ಯಾಗ ಕೇಳಲಿಕ್ಕಾಗದ್ದಕ್ಕ ಆ ಹುಡುಗಿ ನಿಮಗ ಬರದಾಳ, ಸುಮ್ಮನ ಬರೀರಿ’ ಎಂದಳು ನನ್ನ ಹೆಂಡತಿ. ಕೆಳಗೆ ಬರುವ ಅಡುಗೆಮನೆಯ ಮಾಹಿತಿಯೆಲ್ಲ ಅವಳದೇ.

ಮೊದಲು ಗಿಡದ ವಿಷಯ. ಭಾಲ್ಕಿ ಶಾಖೆಯಲ್ಲಿ ನಾನಿದ್ದಾಗ ಒಂದೇ ಹೆಸರಿನ, ತಂದೆಯ ಹೆಸರೂ ಅದೇ ಇರುವ ಮೂರು ಜನ ಖಾತೆದಾರರಿದ್ದರು. ಊರೂ ಒಂದೇ. ಕಬ್ಬಿನ ಬಿಲ್ಲು ಬಂದಾಗ ಹೆಸರು ನೋಡಿ ಜಮಾ ಮಾಡಿದರೆ ಒಬ್ಬರ ಬೆವರು ಇನ್ನೊಬ್ಬರ ಪಾಲಾಗುತ್ತಿತ್ತು. ಅದಕ್ಕೇ ಖಾತೆ ಸಂಖ್ಯೆ ನೋಡುತ್ತಿದ್ದೆವು. ಗಿಡಗಳಿಗೂ ಹೀಗೆಯೇ ಒಂದು ಖಾತೆ ಸಂಖ್ಯೆ ಇದೆ, ಅದು ಸಸ್ಯಶಾಸ್ತ್ರದ ಹೆಸರು. ಔಷಧಿಯ ಅಶೋಕದ ಹೆಸರು ಸರಾಕಾ ಅಶೋಕ. ಜನ ಸೀತಾ ಅಶೋಕ ಎನ್ನುತ್ತಾರೆ. ಶಾಲೆ, ಕಚೇರಿ, ಹೊಸ ಬಡಾವಣೆಗಳ ಕಂಪೌಂಡಿನ ಉದ್ದಕ್ಕೂ ಸಿಪಾಯಿಗಳಂತೆ ನೆಟ್ಟಗೆ ನಿಂತಿರುವುದು ಪಾಲಿಯಾಲ್ಥಿಯಾ ಲಾಂಗಿಫೋಲಿಯಾ. ಅದನ್ನು ಕಂಬದ ಅಶೋಕ ಎಂದು ಕರೆಯೋಣ.

ಮಕ್ಕಳೇ, ಇವೆರಡನ್ನು ಗುರುತಿಸುವುದು ಕಷ್ಟವಲ್ಲ. ಕಂಬದ ಅಶೋಕದ ಎಲೆ ಒಂಟಿ, ಉದ್ದ, ಅಂಚು ಅಲೆಅಲೆಯಾಗಿರುತ್ತದೆ. ಹಬ್ಬಕ್ಕೆ ತೋರಣ ಕಟ್ಟುತ್ತೇವಲ್ಲ, ಅದೇ. ಹೂವು ತಿಳಿಹಸಿರು, ಎಲೆಗಳ ನಡುವೆ ಬಿಟ್ಟದ್ದೇ ಗೊತ್ತಾಗುವುದಿಲ್ಲ. ಸೀತಾ ಅಶೋಕದಲ್ಲಿ ಒಂದು ಕಡ್ಡಿಗೆ ನಾಲ್ಕಾರು ಜೊತೆ ಎಲೆಗಳು ಎದುರುಬದುರಾಗಿ ಇರುತ್ತವೆ. ಎಳೆ ಚಿಗುರು ತಾಮ್ರದ ಬಣ್ಣದ್ದು, ಒದ್ದೆ ಬಟ್ಟೆ ಹಿಂಡಿ ಒಣಹಾಕಿದ ಹಾಗೆ ಜೋತುಬಿದ್ದಿರುತ್ತದೆ. ಹೂವು ಗೊಂಚಲು ಗೊಂಚಲು, ಕಿತ್ತಳೆ ಬಣ್ಣದಲ್ಲಿ ಅರಳಿ ಆಮೇಲೆ ಕೆಂಪಾಗುತ್ತದೆ. ಹೂವು ಉದುರಿದ ಮೇಲೆ ಚಪ್ಪಟೆ ಕಾಯಿ. ಇದು ಹುಣಸೆಯ ಬಳಗದ ಮರ. ಕಂಬದ ಅಶೋಕವೋ, ನಮ್ಮ ಬೀದರದ ಗುಡ್ಡಗಳಲ್ಲಿ ಬೇಕಾದಷ್ಟು ಸಿಗುವ ಸೀತಾಫಲದ ನೆಂಟ. ಹೆಸರಿನಲ್ಲಿ ಸೀತೆ ಇರುವುದು ಒಂದಕ್ಕೆ, ಸೀತಾಫಲದ ಬಳಗ ಇನ್ನೊಂದರದ್ದು. ಜನರ ತಲೆ ಕೆಡದೆ ಏನಾದೀತು!

ಸೀತಾ ಅಶೋಕ ನಮ್ಮ ಕಡೆಯ ಕಾಡಿನ ಮರವಲ್ಲ. ನೆರಳು, ತಂಪು, ತೇವ ಬೇಡುವ ಅದು ಪಶ್ಚಿಮ ಘಟ್ಟದ ಕಡೆ ಹಳ್ಳದ ದಂಡೆಗಳಲ್ಲಿ ಬೆಳೆಯುವುದು. ಬೀದರದ ಕೆಂಪು ಮುರುಕಲ್ಲಿನ ನೆಲದಲ್ಲಿ, ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ನೀರು ಹಾಕಿ ನೆರಳು ಮಾಡಿ ಸಾಕಿದರೆ ಬದುಕೀತು. ಗುಣವೆಲ್ಲ ತೊಗಟೆಯಲ್ಲಿದೆ ಎಂದು ನಂಬಿರುವುದರಿಂದ ಘಟ್ಟದಲ್ಲೂ ಅದಕ್ಕೆ ಸುಖವಿಲ್ಲ. ಸುತ್ತಲೂ ತೊಗಟೆ ಸುಲಿದರೆ ಮರ ಸಾಯುತ್ತದೆ. ಜಗತ್ತಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಇಡುವ ಐಯುಸಿಎನ್ ಸಂಸ್ಥೆ ಈ ಮರವನ್ನೂ ಅದರಲ್ಲಿ ಸೇರಿಸಿದೆ. ಮರ ಕಡಿಮೆ, ಬೇಡಿಕೆ ಹೆಚ್ಚು ಎಂದಾಗ ಪೇಟೆಯಲ್ಲಿ ಏನಾಗುತ್ತದೆಂದು ವ್ಯಾಪಾರ ಬಲ್ಲವರಿಗೆ ಹೇಳಬೇಕಿಲ್ಲ. ಅಶೋಕದ ತೊಗಟೆ ಎಂದು ಕಂಬದ ಅಶೋಕದ ತೊಗಟೆಯನ್ನೇ ಮಾರುವುದು ಎಷ್ಟೋ ಕಡೆ ಕಂಡುಬಂದಿದೆ. ಒಣಗಿಸಿ ಚೂರು ಮಾಡಿದ ಮೇಲೆ ನನಗೂ ನಿಮಗೂ ಯಾವುದು ಯಾವುದೆಂದು ತಿಳಿಯುವುದಿಲ್ಲ. ಹಾಗಾಗಿ ನಿಮ್ಮ ಆಯಿ ಪೇಟೆಯಿಂದ ತರಿಸಿ ಇಷ್ಟು ದಿನ ಕುದಿಸಿದ್ದು ಯಾವ ಅಶೋಕವೋ ಹೇಳಲಾಗದು.

ಹಾಗೆಂದು ಆಯಿಯನ್ನು ನಕ್ಕುಬಿಡಬೇಡಿ. ಮುಟ್ಟಿನ ಅತಿಸ್ರಾವಕ್ಕೆ ಅಶೋಕದ ತೊಗಟೆಯನ್ನು ಆಯುರ್ವೇದದಲ್ಲಿ ಬಹಳ ಹಿಂದಿನಿಂದ ಬಳಸುತ್ತ ಬಂದಿದ್ದಾರೆ. ಅಶೋಕಾರಿಷ್ಟ ಎಂಬುದು ಅದರದೇ ಕಷಾಯವನ್ನು ಹುದುಗಿಸಿ ಮಾಡಿದ ಔಷಧ. ಹುದುಗಿಸಿದ್ದರಿಂದ ಅದರಲ್ಲಿ ತಾನಾಗಿಯೇ ಹುಟ್ಟಿದ ಸ್ವಲ್ಪ ಮದ್ಯಸಾರವೂ ಇರುತ್ತದೆ, ಬಾಟಲಿಯ ಚೀಟಿಯಲ್ಲಿ ಬರೆದಿರುತ್ತಾರೆ, ಓದಿ ನೋಡಿ. ವೈದ್ಯರನ್ನು ಕೇಳದೆ ಮಕ್ಕಳಿಗೆ ಚಮಚದ ಮೇಲೆ ಚಮಚ ಕುಡಿಸುವ ಪಾನಕವಲ್ಲ ಅದು.

ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಈ ತಿಳಿವಳಿಕೆಯನ್ನು ವಿದ್ವಾಂಸರೂ ಬರೆದಿಟ್ಟಿದ್ದಾರೆ. ಜಿ.ಎಂ. ವಿದ್ಯಾಸಾಗರ ಮತ್ತು ಪಿ. ಪ್ರಶಾಂತಕುಮಾರ ಎಂಬ ಸಂಶೋಧಕರು, ಬೀದರ ಜಿಲ್ಲೆಯಲ್ಲಿ ಸ್ತ್ರೀಯರ ತೊಂದರೆಗಳಿಗೆ ಯಾವ ಯಾವ ಗಿಡಮೂಲಿಕೆ ಬಳಸುತ್ತಾರೆ ಎಂಬ ಬಗ್ಗೆಯೇ ಒಂದು ಲೇಖನ ಬರೆದರು. ಅದು 2007ರಲ್ಲಿ ‘ಫಿಟೊಟೆರಾಪಿಯಾ’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಒಲೆಯ ಮುಂದೆ ಕೂತು ಪಿಸುಮಾತಿನಲ್ಲಿ ಮಗಳಿಗೆ ಹೇಳಿಕೊಟ್ಟದ್ದು ಅಷ್ಟು ದೂರ ಹೋಗಿ ಅಚ್ಚಾಯಿತು. ಒಂದು ಮಾತು ನೆನಪಿರಲಿ, ಇಂಥ ಲೇಖನ ಹೇಳುವುದು ಜನ ಏನು ಬಳಸುತ್ತಾರೆ ಎಂಬುದನ್ನು. ಅದರಿಂದ ರೋಗ ವಾಸಿಯಾಯಿತೇ ಎಂಬುದು ಬೇರೆಯೇ ಪರೀಕ್ಷೆ.

ಔರಾದ ಮಹಾರಾಷ್ಟ್ರಕ್ಕೂ ತೆಲಂಗಾಣಕ್ಕೂ ಹತ್ತಿರದ ಊರು. 1948ರವರೆಗೆ ನಾವೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವರು. ಹಾಗಾಗಿ ಇಲ್ಲಿಯ ಸಂತೆಯಲ್ಲಿ ಒಂದೇ ಬೇರಿಗೆ ನಾಲ್ಕು ಭಾಷೆ. ಶತಾವರಿಯನ್ನೇ ನೋಡಿ. ಮರಾಠಿಯವರಿಗೂ ಶತಾವರಿ, ಉರ್ದುವಿನವರಿಗೆ ಸತಾವರ್, ತೆಲುಗಿನವರಿಗೆ ಪಿಲ್ಲಿಪೀಚರ. ಕನ್ನಡದ ಹೆಸರು ಎಲ್ಲಕ್ಕಿಂತ ಚೆಂದ, ಹಲವು ಮಕ್ಕಳ ತಾಯಿ ಬೇರು. ಮುಳ್ಳಿನ ಬಳ್ಳಿ, ಸೂಜಿಯಂಥ ಎಲೆ. ಬುಡ ಅಗೆದರೆ ತಾಯಿಯ ಸೆರಗು ಹಿಡಿದ ಮಕ್ಕಳ ಹಾಗೆ ಹತ್ತಾರು ಗೆಡ್ಡೆಗಳು ತೂಗುತ್ತಿರುತ್ತವೆ. ಬಾಣಂತಿಯ ಎದೆಹಾಲಿಗೆ, ಹೆಂಗಸರ ನಿತ್ರಾಣಕ್ಕೆ ಇದನ್ನು ಕೊಡುವುದು ರೂಢಿ. ಹಕೀಮರ ಕಡೆ ಹೋದರೆ ಮಾಜೂನ್ ಸುಪಾರಿ ಪಾಕ್ ಕೊಡುತ್ತಾರೆ, ಬಿಳಿಸೆರಗಿಗೆ ಒಳ್ಳೆಯದೆಂದು. ಇವೆಲ್ಲವುಗಳಿಗೆ ನೂರಾರು ವರ್ಷಗಳ ಬಳಕೆಯ ಬೆಂಬಲವಿದೆ. ಆದರೆ ದೊಡ್ಡ ಸಂಖ್ಯೆಯ ಹೆಣ್ಣುಮಕ್ಕಳಿಗೆ ಕೊಟ್ಟು, ಕೊಡದವರ ಜೊತೆ ಹೋಲಿಸಿ ನೋಡಿದ ಪ್ರಯೋಗಗಳ ಬೆಂಬಲ ಕಡಿಮೆ.

ಅಂಥ ಪರೀಕ್ಷೆಯಲ್ಲಿ ಚೆನ್ನಾಗಿ ನಂಬರು ತೆಗೆದುಕೊಂಡದ್ದು ನಮ್ಮ ಜಿಲ್ಲೆಯದೇ ಬೆಳೆ. ಬೀದರ ಹಸಿಶುಂಠಿಗೆ ಹೆಸರಾದ ಜಿಲ್ಲೆ. ನಮ್ಮ ಬಾಯಲ್ಲಿ ಅದು ‘ಅಲ್ಲ’. ಮುಟ್ಟಿನ ಮೊದಲ ಮೂರು ನಾಲ್ಕು ದಿನ ದಿನಕ್ಕೆ ಮುಕ್ಕಾಲು ಗ್ರಾಮಿನಿಂದ ಎರಡು ಗ್ರಾಮಿನವರೆಗೆ ಒಣಶುಂಠಿ ಪುಡಿ ಕೊಟ್ಟು ನೋಡಿದ ಹಲವು ಪ್ರಯೋಗಗಳಲ್ಲಿ ಹೊಟ್ಟೆನೋವು ಕಡಿಮೆಯಾದದ್ದು ಕಂಡಿದೆ. ಎರಡು ಗ್ರಾಮು ಎಂದರೆ ಸುಮಾರು ಒಂದು ಸಣ್ಣ ಚಮಚ. ಕಾವು ಕೊಡುವುದಕ್ಕೂ ಅಂಥದೇ ಆಧಾರವಿದೆ. ನಮ್ಮವ್ವ ಹಂಚಿನ ಚೂರು ಕಾಯಿಸಿ ಹಳೆ ಧೋತರದಲ್ಲಿ ಸುತ್ತಿ ನನ್ನ ಅಕ್ಕಂದಿರ ಕಿಬ್ಬೊಟ್ಟೆಗೆ ಇಡುತ್ತಿದ್ದಳು. ನಮಗೆ ಗಂಡುಹುಡುಗರಿಗೆ ‘ಅಕ್ಕಗ ಹೊಟ್ಟಿ ಕಡೀತದ, ಹೊರಗ ಆಡ್ರಿ’ ಎಂದಷ್ಟೇ ಹೇಳುತ್ತಿದ್ದರು. ಈಗ ರಬ್ಬರಿನ ಬಿಸಿನೀರಿನ ಚೀಲ ಬಂದಿದೆ. ಚರ್ಮ ಸುಡದ ಹಾಗೆ ಬಟ್ಟೆ ಸುತ್ತಿ ಇಟ್ಟುಕೊಂಡರಾಯಿತು.

ಇನ್ನು ಹಾರ್ಮೋನು ಎಂಬ ಶಬ್ದ. ಈಗ ಹತ್ತನೆಯ ತರಗತಿಯ ಹುಡುಗಿಯರ ಬಾಯಲ್ಲೂ ಪಿಸಿಓಡಿ, ಥೈರಾಯ್ಡ್ ಎಂಬ ಮಾತು ಕೇಳುತ್ತೇನೆ. ಹಾರ್ಮೋನು ಎಂದರೆ ದೇಹದ ಒಂದು ಗ್ರಂಥಿ ಇನ್ನೊಂದಕ್ಕೆ ರಕ್ತದ ಮೂಲಕ ಕಳಿಸುವ ಸುತ್ತೋಲೆ. ಮೆದುಳಿನ ಬುಡದಲ್ಲಿರುವ ಬಟಾಣಿಯಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿಯೇ ಹೆಡ್ ಆಫೀಸು, ಅಂಡಾಶಯ ಅದರ ಶಾಖೆ. ಹೊಸ ಶಾಖೆ ತೆರೆದಾಗ ಒಂದೆರಡು ವರ್ಷ ಲೆಕ್ಕ ಸರಿಯಾಗಿ ಕೂಡುವುದಿಲ್ಲ. ಹಾಗೆಯೇ ಹುಡುಗಿ ಮೈನೆರೆದ ಮೊದಲ ಎರಡು ಮೂರು ವರ್ಷ ಮುಟ್ಟು ಒಮ್ಮೆ 21 ದಿನಕ್ಕೆ, ಒಮ್ಮೆ 45 ದಿನಕ್ಕೆ ಬಂದರೆ ಗಾಬರಿಯಾಗಬೇಕಿಲ್ಲ. ಅದಕ್ಕೆ ಬೇರು ನಾರು ತಿನ್ನಿಸಬೇಕಾಗಿಯೂ ಇಲ್ಲ. ಮೂರು ತಿಂಗಳು ಬರಲೇ ಇಲ್ಲ, ಹದಿನೈದು ತುಂಬಿದರೂ ಶುರುವಾಗಲಿಲ್ಲ, ಏಳು ದಿನ ಮೀರಿ ನಿಲ್ಲಲಿಲ್ಲ, ಗಂಟೆ ಎರಡು ಗಂಟೆಗೊಮ್ಮೆ ಬಟ್ಟೆ ಅಥವಾ ಪ್ಯಾಡು ತೋಯ್ದು ಬದಲಿಸಬೇಕಾಗುತ್ತದೆ, ನೋವಿಗೆ ಪ್ರತಿ ತಿಂಗಳೂ ಶಾಲೆ ತಪ್ಪುತ್ತದೆ, ತಲೆಸುತ್ತು ಬರುತ್ತದೆ ಎಂದಾದರೆ ಡಾಕ್ಟರರಿಗೆ ತೋರಿಸಲೇಬೇಕು.

ಏಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದರೆ, ನಮ್ಮ ಓಣಿಯಲ್ಲೇ ಕಂಡಿದ್ದೇನೆ. ಕಾಲೇಜಿಗೆ ಹೋಗುವ ಹುಡುಗಿ. ಸಂತೆಯಲ್ಲಿ ಒಬ್ಬ ಕೊಟ್ಟ ಬೇರಿನ ಪುಡಿಯನ್ನು ಮೂರು ತಿಂಗಳು ನಿಷ್ಠೆಯಿಂದ ತೆಗೆದುಕೊಂಡಳು. ಸ್ರಾವ ನಿಲ್ಲುತ್ತದೆ ಎಂದಿದ್ದ, ನಿಲ್ಲಲಿಲ್ಲ. ಮುಖ ಸುಣ್ಣದ ಗೋಡೆಯಾಯಿತು. ಒಂದು ದಿನ ಮೆಟ್ಟಿಲು ಹತ್ತುವಾಗ ಕುಸಿದುಬಿದ್ದಳು. ಆಸ್ಪತ್ರೆಯಲ್ಲಿ ನೋಡಿದರೆ ಹಿಮೋಗ್ಲೋಬಿನ್ 6ರ ಹತ್ತಿರ. ಹನ್ನೆರಡು ದಾಟಿದ ಹುಡುಗಿಗೆ ಕನಿಷ್ಠ 12 ಇರಬೇಕು, 8ಕ್ಕಿಂತ ಇಳಿದರೆ ತೀವ್ರ ರಕ್ತಹೀನತೆ. ರಕ್ತ ಕೊಡಬೇಕಾಯಿತು. ಮೂಲ ಕಾರಣ ಥೈರಾಯ್ಡ್ ಗ್ರಂಥಿ ಮಂದವಾದದ್ದು. ಬೆಳಗಿನ ಹೊತ್ತು ಒಂದು ಸಣ್ಣ ಗುಳಿಗೆ ಶುರುವಾದ ಮೇಲೆ ಮುಟ್ಟೂ ಹತೋಟಿಗೆ ಬಂತು. ಈಗ ಅವಳಿಗೆ ಮದುವೆಯಾಗಿ ಭಾಲ್ಕಿಯಲ್ಲಿ ಗಟ್ಟಿಮುಟ್ಟಾಗಿದ್ದಾಳೆ. ಆ ಪುಡಿ ವಿಷವಾಗಿರಲಿಕ್ಕಿಲ್ಲ. ಅದನ್ನು ನಂಬಿ ಮೂರು ತಿಂಗಳು ಹೋಯಿತಲ್ಲ, ನನ್ನ ತಕರಾರು ಅದಕ್ಕೆ.

ರಕ್ತದ ಲೆಕ್ಕ ನೋಡಿ. ಸಾಧಾರಣವಾಗಿ ಒಂದು ಮುಟ್ಟಿನಲ್ಲಿ ಹೋಗುವುದು 30–40 ಮಿಲಿಲೀಟರು ರಕ್ತ. 80 ದಾಟಿದರೆ ಅತಿಸ್ರಾವ. ಪ್ರತಿ ಮಿಲಿಲೀಟರಿನ ಜೊತೆ ಹೆಚ್ಚುಕಡಿಮೆ ಅರ್ಧ ಮಿಲಿಗ್ರಾಂ ಕಬ್ಬಿಣಾಂಶ ಹೋಗುತ್ತದೆ. ಹತ್ತು ಹತ್ತು ದಿನ ಹೋಗುವ ಹುಡುಗಿಗೆ ಖರ್ಚು ಎಷ್ಟು, ಅವಳ ತಟ್ಟೆಯಿಂದ ಬರುವ ಜಮಾ ಎಷ್ಟು ಎಂದು ಯಾವ ಮನೆಯಲ್ಲಿ ಯಾರು ಕೂಡಿಸಿ ನೋಡಿದ್ದಾರೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 48 ಜನರಿಗೆ ರಕ್ತಹೀನತೆ. ಇಡೀ ದೇಶದಲ್ಲಿ 57. ಗಂಡಸರು ಊಟ ಮುಗಿಸಿದ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ಪದ್ಧತಿ ಇರುವ ಮನೆಗಳಲ್ಲಿ ಯಾವ ಬೇರೂ ಏನೂ ಮಾಡಲಾರದು.

ಸರಕಾರಿ ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಗುಳಿಗೆ ಕೊಡುತ್ತಾರಲ್ಲ, ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲವಿದೆ. ವಾಸನೆ ಬರುತ್ತದೆ, ವಾಂತಿ ಬಂದಂತಾಗುತ್ತದೆ ಎಂದು ಅದನ್ನು ಕಿಟಕಿಯಾಚೆ ಎಸೆಯುವ ಜಾಣರಿದ್ದಾರೆ. ಎಸೆಯಬೇಡಿ, ಊಟ ಮಾಡಿದ ಮೇಲೆ ನುಂಗಿ. ವರ್ಷಕ್ಕೆರಡು ಸಲ ಜಂತುಹುಳದ ಗುಳಿಗೆ ಕೊಡುವುದೂ ರಕ್ತ ಉಳಿಸುವ ಕೆಲಸವೇ. ಮನೆಯಲ್ಲಿ ಸಜ್ಜಿ ರೊಟ್ಟಿ, ಮೆಂತೆಪಲ್ಯ, ಮೊಳಕೆ ಬರಿಸಿದ ಹೆಸರುಕಾಳು, ಎಳ್ಳಿನ ಹಿಂಡಿ ಇರಲಿ, ಮೇಲೆ ಅರ್ಧ ಲಿಂಬಿಹಣ್ಣು ಹಿಂಡಿರಿ. ಹುಳಿ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಹತ್ತುವುದಿಲ್ಲ. ಬೀದರದವರಿಗೆ ಚಹಾ ಬಿಡಿ ಎಂದರೆ ನನ್ನನ್ನೇ ಊರು ಬಿಡಿಸಿಯಾರು. ಒಂದು ತಾಸು ತಡೆದು ಕುಡಿಯಿರಿ, ಅಷ್ಟೇ.

ಹೆಣ್ಣುಮಕ್ಕಳು ಡಾಕ್ಟರರಲ್ಲಿಗೆ ಹೋಗಲು ತಡಮಾಡುವುದಕ್ಕೆ ರೊಕ್ಕ ಒಂದೇ ಕಾರಣವಲ್ಲ, ನಾಚಿಕೆ ದೊಡ್ಡ ಕಾರಣ. ಹೊರಗಾಗಿದ್ದಾಳೆ, ಮುಟ್ಟಬೇಡ, ಒಳಗೆ ಬರಬೇಡ ಎಂದು ಕೇಳುತ್ತಲೇ ಬೆಳೆದ ಹುಡುಗಿ ತನ್ನ ತೊಂದರೆಯನ್ನು ಯಾರ ಮುಂದೆ ಹೇಳಬೇಕು? ಜಾತ್ರೆಗೋ ಮದುವೆಗೋ ಅಡ್ಡಿಯಾಗುತ್ತದೆಂದು ಮುಟ್ಟು ಮುಂದೂಡುವ ಗುಳಿಗೆಯನ್ನು ಯಾರನ್ನೂ ಕೇಳದೆ ಅಂಗಡಿಯಿಂದ ತಂದು ನುಂಗಿಸುವ ತಾಯಂದಿರಿದ್ದಾರೆ. ಅದೂ ಹಾರ್ಮೋನೇ, ಡಾಕ್ಟರರು ಹೇಳದೆ ತೆಗೆದುಕೊಳ್ಳುವಂಥದ್ದಲ್ಲ. ನಮ್ಮದು ಬಸವಕಲ್ಯಾಣ ಇರುವ ಜಿಲ್ಲೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ನೆರೆದ ಶರಣರು ತಳ್ಳಿಹಾಕಿದ ಐದು ಸೂತಕಗಳಲ್ಲಿ ರಜಸ್ಸಿನ ಸೂತಕವೂ ಒಂದು. ಬಸವ ಜಯಂತಿಯ ಮೆರವಣಿಗೆಯಲ್ಲಿ ಮುಂದೆ ನಿಲ್ಲುವವರ ಮನೆಯಲ್ಲೂ ಮುಟ್ಟಾದ ಸೊಸೆ ಮೂಲೆಯಲ್ಲಿ ಕೂತದ್ದನ್ನು ನೋಡಿದ್ದೇನೆ. ಬೀದರದ ಬ್ರಿಮ್ಸ್ ಆಸ್ಪತ್ರೆಯಲ್ಲಿ, ಭಾಲ್ಕಿ ಮತ್ತು ಔರಾದಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತಪರೀಕ್ಷೆ ಆಗುತ್ತದೆ. ಹದಿಹರೆಯದವರ ಜೊತೆ ಮಾತಾಡಲೆಂದೇ ಸರಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಎಂಬುದಿದೆ. ದಾರಿ ಗೊತ್ತಿಲ್ಲದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಮನೆಯಲ್ಲಿ ಕೊಟ್ಟ ಕಷಾಯದ ಹೆಸರನ್ನೂ ಡಾಕ್ಟರರಿಗೆ ಮುಚ್ಚಿಡದೆ ಹೇಳಿ, ಸಾಧ್ಯವಾದರೆ ಅದರ ಪೊಟ್ಟಣವನ್ನೇ ಒಯ್ಯಿರಿ.

ಆಯಂದಿರು ಮುನಿಸಿಕೊಳ್ಳದಿರಲಿ. ಔಷಧ ನಿಮ್ಮ ಕೈಬಿಟ್ಟರೂ ಆಹಾರ ನಿಮ್ಮ ಕೈಯಲ್ಲೇ ಇದೆ. ಹುಡುಗಿ ದೊಡ್ಡಾಕಿ ಆದಾಗ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ತಿನ್ನಿಸುತ್ತಿದ್ದಿರಲ್ಲ, ಅದನ್ನು ಬಿಡಬೇಡಿ. ಎಳ್ಳಿನಲ್ಲಿ ಕಬ್ಬಿಣವೂ ಇದೆ, ಸುಣ್ಣದ ಅಂಶವೂ ಇದೆ. ಬಾಣಂತಿಗೆ ಕೊಡುವ ಅಳವಿ ಉಂಡಿಯನ್ನೂ ಚಳಿಗಾಲದಲ್ಲಿ ಶಾಲೆಗೆ ಹೋಗುವ ಹುಡುಗಿಯರಿಗೆ ಕೊಡಬಹುದು. ನನ್ನ ಹೆಂಡತಿ ಮಾಡುವುದು ಹೀಗೆ. ಅರ್ಧ ವಾಟಿ ಅಳವಿ ಬೀಜವನ್ನು ಒಂದು ತೆಂಗಿನಕಾಯಿಯ ನೀರಿನಲ್ಲಿ ಎರಡು ತಾಸು ನೆನೆಹಾಕಬೇಕು. ಲೋಳೆಲೋಳೆಯಾಗಿ ಉಬ್ಬುತ್ತದೆ. ಅದೇ ಕಾಯಿಯನ್ನು ತುರಿದು, ಒಂದು ವಾಟಿ ಪುಡಿ ಬೆಲ್ಲ ಸೇರಿಸಿ, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕೈಬಿಡದೆ ತಿರುವಬೇಕು. ಪಾತ್ರೆ ಬಿಟ್ಟು ಮುದ್ದೆಯಾಗುವಾಗ ಏಲಕ್ಕಿ, ಚೂರು ಜಾಜಿಕಾಯಿ ಪುಡಿ ಹಾಕಿ ಇಳಿಸಿ, ಕೈಗೆ ತುಪ್ಪ ಸವರಿಕೊಂಡು ಉಂಡಿ ಕಟ್ಟಬೇಕು. ಬಸುರಿಯರಿಗೆ ಇದನ್ನು ಕೊಡುವುದಿಲ್ಲ, ಮಿಕ್ಕವರಿಗೆ ದಿನಕ್ಕೊಂದು ಸಾಕು. ಹಸಿ ಕಾಯಿಯದಾದ್ದರಿಂದ ಮೂರು ನಾಲ್ಕು ದಿನದಲ್ಲಿ ಮುಗಿಸಬೇಕು. ನಮ್ಮ ಮನೆಯಲ್ಲಿ ಮೊಮ್ಮಗ ಇರುವುದರಿಂದ ಎರಡನೆಯ ದಿನಕ್ಕೆ ಡಬ್ಬಿ ಖಾಲಿ. ಅವನಿಗೂ ಕೊಡುತ್ತೇವೆ, ಅಕ್ಕನ ಪಾಲು ಎಣಿಸಿ ತೆಗೆದಿಟ್ಟ ಮೇಲೆ.